ತಲುಪಿಸದೆ ಉಳಿದ ಮಾತು

"ಹಲೋ... ಕೇಳಿಸ್ತಿದೆಯಾ, ತಾಯಿ?"

ಆ ಮಾತು ಕ್ರೈಸ್ತ ದೇವಾಲಯದ ನಾಲ್ಕೂ ಗೋಡೆಗಳಿಂದ ಒಟ್ಟಿಗೆ ಬಂತು.

ಅವಳ ಕೈಯಲ್ಲಿದ್ದ ಹಾಡಿನ ಪುಸ್ತಕಗಳ ಕಟ್ಟು ಜಾರಿ ನೆಲಕ್ಕೆ ಬಿತ್ತು. ಒಂದು ಪುಸ್ತಕ ಬೆಂಚಿನ ಅಡಿಗೆ ಸರಿಯಿತು. ಅವಳಿಗೆ ಅದನ್ನು ಎತ್ತಿಕೊಳ್ಳುವ ಪರಿವೆಯೇ ಇರಲಿಲ್ಲ.

ಅದೇ ಮಾತು! ಅದೇ ರಾಗ! 'ತಾಯಿ' ಎನ್ನುವಾಗ ಕೊನೆಯಲ್ಲಿ ಮೆಲ್ಲಗೆ ಎಳೆಯುವ ಅದೇ ಎಳೆತ...

ಎರಡು ವರ್ಷದಿಂದ ಅವಳ ಕಿವಿಯೊಳಗೇ ಬಿಡಾರ ಹೂಡಿದ್ದ ಮಾತದು. ಅದನ್ನು ಆಡಿದ ಮುದುಕಿ ಈಗ ಬದುಕಿರಲಿಲ್ಲ. ಇವತ್ತು ಕೇಳಿದ್ದು ಗಂಡು ಧ್ವನಿ.

ಪ್ರಸಂಗಪೀಠದ ಹಿಂದಿನಿಂದ ಅವನು ಎದ್ದು ನಿಂತ. ಹೆಗಲ ಮೇಲೆ ವೈರಿನ ಸುರುಳಿ, ಬಾಯಲ್ಲಿ ಒಂದು ಸ್ಕ್ರೂ, ಮೊಣಕಾಲಿಗೆ ಧೂಳು. ಅವಳನ್ನು ನೋಡಿ ಗಾಬರಿಯಾಗಿ ಸ್ಕ್ರೂವನ್ನು ಅಂಗೈಗೆ ತೆಗೆದುಕೊಂಡ.

"ಅಯ್ಯೋ, ಹೆದರಿಸಿಬಿಟ್ನಾ? ಒಳಗೆ ಯಾರೂ ಇಲ್ಲ ಅಂದ್ಕೊಂಡಿದ್ದೆ."

"ನೀವು... ಯಾರು?"

"ಮೈಕ್ ರಿಪೇರಿಯವನು. ನಿಮ್ಮ ಪಾಸ್ಟರ್ ಬರೋಕೆ ಹೇಳಿದ್ರು. ಅವರ ಪ್ರಸಂಗ ಹಿಂದಿನ ಬೆಂಚಿನವರಿಗೆ ಕೇಳಿಸಲ್ವಂತೆ. ಹಿಂದಿನ ಬೆಂಚಿನವರು ಯಾರೂ ದೂರು ಕೊಟ್ಟಿಲ್ಲ ಅಂತಾನೂ ಅವರೇ ಹೇಳಿದ್ರು!"

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು.

"ಮೈಕಲ್ಲಿ... ತಾಯಿ ಅಂತ ಯಾರನ್ನ ಕರೆದ್ರಿ?"

"ಅದಾ? ಅಮ್ಮನಿಂದ ಅಂಟಿದ ಚಾಳಿ. ಫೋನ್ ಎತ್ತಿದ್ರೆ ಆ ಕಡೆ ಯಾರೇ ಇರಲಿ, ಗಡ್ಡದವನಿದ್ರೂ ಸರಿ, 'ಕೇಳಿಸ್ತಿದೆಯಾ ತಾಯಿ' ಅಂತಿದ್ರು." ಅವನು ನಗುತ್ತ ಪುಸ್ತಕಗಳನ್ನು ಹೆಕ್ಕತೊಡಗಿದ. ನಗು ಅರ್ಧಕ್ಕೆ ನಿಂತಿತು. "ಈಗ ಅವರಿಲ್ಲ."

ಪುಸ್ತಕಗಳನ್ನು ಕೈಗೆ ಕೊಡುವಾಗ ಅವನು ಅವಳ ಮುಖ ನೋಡಿದ. ಬಿಳಿಚಿಕೊಂಡಿದ್ದ ಆ ಮುಖದಲ್ಲಿ ಎರಡು ಕಣ್ಣು ಮಾತ್ರ ಇದ್ದಂತಿತ್ತು. ಯಾಕೋ ಅವನಿಗೆ ಆ ಕಣ್ಣುಗಳಿಂದ ದೃಷ್ಟಿ ಕೀಳಲಾಗಲಿಲ್ಲ.

ಅವಳು ಓಡುವ ಹಾಗೆ ಹೊರಗೆ ನಡೆದಳು.

'ಎಷ್ಟೋ ತಾಯಂದಿರು ಹಾಗೇ ಮಾತಾಡ್ತಾರೆ... ಎಷ್ಟೋ ಜನ!' ಎಂದು ಮನೆ ಮುಟ್ಟುವವರೆಗೂ ತನಗೆ ತಾನೇ ಹೇಳಿಕೊಂಡಳು.

ಎರಡು ವರ್ಷದ ಹಿಂದೆ ಅವಳು ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿದ್ದಳು. ಕಿವಿಗೆ ಹೆಡ್‌ಫೋನ್, ಮುಂದೆ ಪರದೆ. ಕರೆ ಬಂದರೆ ವಿಳಾಸ ಕೇಳಿ, ಪಟ್ಟಿಯಿಂದ ಬೀದಿ ಆರಿಸಿ, ಗಾಡಿ ಕಳಿಸಬೇಕು. ಗಾಡಿ ತಲುಪುವ ತನಕ ಕರೆ ಮಾಡಿದವರ ಜೊತೆ ಮಾತಾಡುತ್ತಿರಬೇಕು. ಕೆಲಸದಲ್ಲಿ ಅವಳು ಚುರುಕು. ಎಲ್ಲರೂ ಹೊಗಳುತ್ತಿದ್ದರು.

ಆ ಮಧ್ಯಾಹ್ನ ಒಬ್ಬ ಮುದುಕಿ ಕರೆ ಮಾಡಿದ್ದಳು. ಎದೆನೋವು, ಮನೆಯಲ್ಲಿ ಒಬ್ಬಳೇ.

"ಹಳೇ ಟ್ಯಾಂಕ್ ಬೀದಿ, ತಾಯಿ. ಹಸಿರು ಬಾಗಿಲು. ಹೊಸದಲ್ಲ, ಹಳೇದು."

ಪರದೆಯ ಮೇಲೆ ಎರಡು ಸಾಲು ಒಂದರ ಕೆಳಗೊಂದು ಇದ್ದವು. ಅವಳು ಮೇಲಿನದನ್ನು ಒತ್ತಿದಳು. ಹೊಸ ಟ್ಯಾಂಕ್ ಬೀದಿ.

ಇಲ್ಲಿ ಹಸಿರು ಬಾಗಿಲೇ ಇಲ್ಲವೆಂದು ಡ್ರೈವರ್ ಹೇಳುವ ಹೊತ್ತಿಗೆ ಒಂಬತ್ತು ನಿಮಿಷ ಕಳೆದಿತ್ತು. ಸರಿಯಾದ ಬೀದಿಗೆ ತಲುಪಲು ಇನ್ನೂ ಏಳು. ಅಷ್ಟು ಹೊತ್ತೂ ಆ ಮುದುಕಿ ಅವಳ ಕಿವಿಯಲ್ಲಿ ಉಸಿರಾಡುತ್ತಿದ್ದಳು. ನಡುನಡುವೆ ಮಾತಾಡುತ್ತಿದ್ದಳು. ಕೊನೆಯ ಎರಡು ನಿಮಿಷ ಏನೂ ಕೇಳಿಸಲಿಲ್ಲ.

ಗಾಡಿ ಬೇಗ ಹೋಗಿದ್ದರೆ ಬದುಕುತ್ತಿದ್ದರೇ? ಡಾಕ್ಟರನ್ನು ಕೇಳಿದ್ದಕ್ಕೆ, "ಹೇಳೋಕಾಗಲ್ಲ" ಎಂದಿದ್ದರು. ಆ ಒಂದು ಪದ ಅವಳನ್ನು ಅರ್ಧ ಬದುಕಿಸಿ ಅರ್ಧ ಕೊಂದಿತು.

ವಿಚಾರಣೆಯ ದಿನ ಮೇಲಧಿಕಾರಿ ಒಂದು ಹಾಳೆ ಮುಂದಿಟ್ಟಿದ್ದರು. 'ಕರೆ ಮಾಡಿದವರು ಗಾಬರಿಯಲ್ಲಿ ವಿಳಾಸವನ್ನು ತಪ್ಪಾಗಿ ತಿಳಿಸಿದರು.'

"ಸಹಿ ಹಾಕು. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ. ಸತ್ತವರಿಗೆ ಇದರಿಂದ ಏನಾಗ್ಬೇಕು?"

ಅವಳು ಸಹಿ ಹಾಕಿದಳು. ವಾರದೊಳಗೆ ಕೆಲಸ ಬಿಟ್ಟಳು. ಊರಿನ ಇನ್ನೊಂದು ತುದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಚಿಕ್ಕಮ್ಮನ ಮನೆ ಸೇರಿಕೊಂಡಳು. ತಾಯಿ ಇಲ್ಲದ ಅವಳಿಗೆ ಇದ್ದದ್ದು ಆ ಒಂದೇ ಮಡಿಲು. ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣಿನ ನಂಬರ್ ನೋಡುವ ಕೆಲಸ ಕಲಿತಳು. ಅಲ್ಲಿಯೂ ಒಂದು ಕರಾರು ಹಾಕಿದ್ದಳು... ಫೋನ್ ಮಾತ್ರ ಎತ್ತುವುದಿಲ್ಲ!

ಆದರೆ ಆ ಧ್ವನಿ ವಿಳಾಸ ಹುಡುಕಿಕೊಂಡು ಬಂದುಬಿಟ್ಟಿತ್ತು. ಚಿಕ್ಕಮ್ಮನ ಹೊಲಿಗೆ ಮಷಿನ್ ಗಕ್ಕನೆ ನಿಂತಾಗಿನ ಮೌನದಲ್ಲಿ, ನಲ್ಲಿ ತಿರುಗಿಸುವ ಮುಂಚಿನ ಗಳಿಗೆಯಲ್ಲಿ, ಸಭೆಯವರೆಲ್ಲ ತಲೆಬಾಗಿ ಪ್ರಾರ್ಥಿಸುವಾಗ ಪಕ್ಕದಲ್ಲೇ... 'ಕೇಳಿಸ್ತಿದೆಯಾ, ತಾಯಿ?'

ಅವಳನ್ನು ಚರ್ಚಿನ ಸಭೆಗೆ ಬರುವಂತೆ ಮಾಡಿದ್ದೂ ಆ ಧ್ವನಿಯೇ. ಫೋನಿನಲ್ಲಿ ಆ ಮುದುಕಿ ಕೇಳಿದ್ದಳು: "ನಿನಗೆ ಪ್ರಾರ್ಥನೆ ಬರುತ್ತಾ, ತಾಯಿ?"

"ಬರಲ್ಲಮ್ಮ."

"ಪರವಾಗಿಲ್ಲ. ನಾನೇ ಮಾಡ್ತೀನಿ, ನೀನು ಆಮೆನ್ ಅನ್ನು."

ಮುದುಕಿ ತನಗಾಗಿ ಏನೂ ಕೇಳಿಕೊಳ್ಳಲಿಲ್ಲ. "ಯೇಸಪ್ಪಾ, ಈ ಮಗು ತುಂಬಾ ಹೆದರಿದೆ. ಇವಳ ಕೈ ಹಿಡ್ಕೋ," ಎಂದಿದ್ದಳು. ಅವಳು ಆಮೆನ್ ಅಂದಿದ್ದಳು. ಬದುಕಿನಲ್ಲೇ ಮೊದಲ ಸಲ.

ಆರು ತಿಂಗಳ ಮೇಲೆ ಯಾವುದೋ ಭಾನುವಾರ ಈ ದೇವಾಲಯದ ಹಿಂದಿನ ಬೆಂಚಿನಲ್ಲಿ ಬಂದು ಕೂತಳು. ಆಮೇಲೆ ದೀಕ್ಷಾಸ್ನಾನ ಪಡೆದಳು. ಈಗ ಸಂಡೇ ಸ್ಕೂಲಿನ ಪುಟಾಣಿಗಳಿಗೆ ಅವಳು 'ಕನ್ನಡಕದ ಅಕ್ಕ'. ಹಾಸಿಗೆ ಹಿಡಿದವರ ಮನೆಗೆ ಹೋಗಿ ತಲೆ ಬಾಚಿ ಬರುವವಳು. ನಂಬಿಕೆಯಲ್ಲಿ ಎಷ್ಟು ಬೇಗ ಬೆಳೆದಳು ನೋಡಿ ಎಂದು ಹಿರಿಯರು ಮೆಚ್ಚುತ್ತಿದ್ದರು.

ಮೆಚ್ಚಿದಷ್ಟೂ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. 'ಇದು ನಂಬಿಕೆನಾ? ಇಲ್ಲ ಭಯನಾ?'

ಮೈಕ್‌ನವನು ಮುಂದಿನ ವಾರ ಮತ್ತೆ ಬಂದ. ಅದರ ಮುಂದಿನ ವಾರವೂ ಬಂದ. ಒಂದು ಮೈಕಿಗೆ ಇಷ್ಟು ರಿಪೇರಿಯೇ ಎಂದು ಪಾಸ್ಟರಿಗೂ ಅನುಮಾನ ಬಂತು!

ಕೆಲಸವೆಲ್ಲ ಶನಿವಾರ. ಭಾನುವಾರದ ಆರಾಧನೆಗೆ ಮಾತ್ರ ಅವನು ಕಾಲಿಡುತ್ತಿರಲಿಲ್ಲ. ಅವಳು ಬೆಂಚು ಒರೆಸುತ್ತಿದ್ದರೆ ಅವನು ಏಣಿಯ ಮೇಲೆ ಸ್ಪೀಕರ್ ತಿರುಗಿಸುತ್ತ ಮಾತಿಗೆಳೆಯುತ್ತಿದ್ದ. ಅವಳು ಒಂದು ಮಾತಾಡಿದರೆ ಅವನು ಹತ್ತು. ಒಂದು ದಿನ ಅವನು ಸ್ಕ್ರೂ ಹುಡುಕಿ ಹುಡುಕಿ ಸುಸ್ತಾದಾಗ, ಅದು ಅವನ ಕಿವಿಯ ಸಂದಿಯಲ್ಲಿರುವುದನ್ನು ತೋರಿಸಿ ಅವಳು ಬಿದ್ದು ಬಿದ್ದು ನಕ್ಕಳು.

"ಅಬ್ಬಾ! ನಗೋಕೆ ಬರುತ್ತೆ ನಿಮಗೆ!"

ಅವಳ ನಗು ತಟ್ಟನೆ ನಿಂತಿತು. ಎಷ್ಟು ದಿನವಾಗಿತ್ತು ಹೀಗೆ ನಕ್ಕು... ಅವನನ್ನು ಕಂಡರೆ ಭಯ. ಕಾಣದಿದ್ದರೆ ಶನಿವಾರವೇ ಬಂದಿಲ್ಲವೆನಿಸುತ್ತಿತ್ತು.

ಒಂದು ಬೆಳಿಗ್ಗೆ ಅವನು ಕನ್ನಡಕದ ಅಂಗಡಿಗೇ ಬಂದ.

"ಸಣ್ಣ ಬೆಸುಗೆ ಕಾಣಿಸ್ತಿಲ್ಲ. ವಯಸ್ಸಾಯ್ತು ಅಂತ ಮಾತ್ರ ಹೇಳ್ಬೇಡಿ."

ಒಳಗಿನ ಚಿಕ್ಕ ಕೋಣೆಯಲ್ಲಿ ಕೂರಿಸಿ, ಅವನ ಮೂಗಿನ ಮೇಲೆ ಪರೀಕ್ಷೆಯ ಫ್ರೇಮ್ ಇಟ್ಟು, ಒಂದೊಂದೇ ಗಾಜು ಬದಲಿಸುತ್ತ ಕೇಳಿದಳು. "ಇದು ಸ್ಪಷ್ಟನಾ... ಇದಾ?"

ಗೋಡೆಯ ಮೇಲಿನ ಅಕ್ಷರಗಳನ್ನು ನೋಡುತ್ತಿದ್ದ ಅವನ ಕಣ್ಣು ಅವಳ ಮುಖದ ಕಡೆ ಹೊರಳಿತು.

"ಅಮ್ಮ ಕೂಡ ಹೀಗೇ ಮುಖದ ಹತ್ತಿರ ಬಂದು ನೋಡೋರು. ಜ್ವರ ಇದೆಯಾ ಅಂತ."

ಅವಳ ಕೈ ನಿಧಾನವಾಯಿತು.

"ಅವತ್ತು ಬೆಳಿಗ್ಗೆ ನಾನು ಅಮ್ಮನ ಮೇಲೆ ಕೂಗಾಡಿ ಹೋಗಿದ್ದೆ. ಒಂದು ಗುಂಡಿಗೋಸ್ಕರ! ನೀಲಿ ಅಂಗೀಲಿ ಗುಂಡಿ ಇರ್ಲಿಲ್ಲ. 'ಮನೇಲೇ ಇರ್ತೀಯ, ಒಂದು ಗುಂಡಿ ಹೊಲಿಯೋಕಾಗಲ್ವಾ' ಅಂದೆ. ಸೌಂಡ್ ಟೆಸ್ಟ್ ಅಂತ ಮಧ್ಯಾಹ್ನ ಫೋನ್ ಆಫ್ ಮಾಡಿದ್ದೆ. ಅಮ್ಮ ನನಗೆ ಮೂರು ಸಲ ಮಾಡಿದಾರೆ. ಆಮೇಲೆ ಆಂಬುಲೆನ್ಸಿಗೆ."

ಗಾಜಿನ ಹಿಂದೆ ಅವನ ಕಣ್ಣು ತುಂಬಿಕೊಂಡಿತು.

"ಅಡ್ರೆಸ್ ತಪ್ಪು ಹೇಳಿದಾರಂತೆ. ಹಳೇ ಟ್ಯಾಂಕ್ ಬೀದಿ ಅನ್ನೋ ಬದ್ಲು ಹೊಸದು ಅಂದ್ರಂತೆ. ಮೂವತ್ತು ವರ್ಷ ಇದ್ದ ಮನೆ! ಅಮ್ಮನಿಗೆ ಮರೆವು ಶುರುವಾಗಿತ್ತು, ಪಕ್ಕದಲ್ಲೇ ಇದ್ದ ನನಗೆ ಗೊತ್ತಾಗ್ಲಿಲ್ಲ... ಆ ಕರೆಯ ರೆಕಾರ್ಡಿಂಗ್ ಕೇಳೋಣ ಅಂತ ಹೋದೆ. ಅವಧಿ ಮುಗೀತು, ಅಳಿಸಿದೀವಿ ಅಂದ್ರು. ಫೋನ್ ತಗೊಂಡಿದ್ದು ಯಾರೋ ಹುಡುಗಿಯಂತೆ. ಹೆಸರು ಹೇಳ್ಲಿಲ್ಲ." ಅವನು ಉಸಿರೆಳೆದುಕೊಂಡ. "ಅವಳು ಸಿಕ್ಕಿದ್ರೆ ಒಂದೇ ಒಂದು ಕೇಳ್ಬೇಕು. ಅಮ್ಮ ಕೊನೇಲಿ ಏನಂದ್ರು... ನನ್ನ ಮೇಲೆ ಸಿಟ್ಟಿತ್ತಾ ಅಂತ."

ಅವಳು ಕೈಯಲ್ಲಿದ್ದ ಗಾಜನ್ನು ಫ್ರೇಮಿಗೆ ಹಾಕಿದಳು.

'ಹೇಳು! ಈಗಲೇ ಹೇಳು!' ಎಂದಿತು ಮನಸ್ಸು. ಗಂಟಲಿನಿಂದ ಬಂದದ್ದು ಬೇರೆ ಮಾತು.

"ಕೆಳಗಿನ ಸಾಲು ಓದಿ."

"ನೀರು ತುಂಬಿದೆ," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. "ಏನೂ ಕಾಣಿಸ್ತಿಲ್ಲ."

ಅಂದಿನಿಂದ ಅವಳು ಅವನಿಗೆ ಮುಖ ತಪ್ಪಿಸಿದಳು. ಶನಿವಾರದ ಕೆಲಸವನ್ನು ಶುಕ್ರವಾರಕ್ಕೆ ಬದಲಿಸಿಕೊಂಡಳು. ಸಿದ್ಧವಾದ ಕನ್ನಡಕವನ್ನು ಮಾಲೀಕರ ಕೈಯಿಂದಲೇ ಕೊಡಿಸಿ, ತಾನು ಒಳಕೋಣೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಮೂರು ವಾರ ಕಾದು, ಒಂದು ಸಂಜೆ ಅವನು ಬಸ್ ನಿಲ್ದಾಣದಲ್ಲಿ ಎದುರು ನಿಂತ. ಮೂಗಿನ ಮೇಲೆ ಹೊಸ ಕನ್ನಡಕ.

"ನಾನೇನು ತಪ್ಪು ಮಾಡ್ದೆ, ಹೇಳಿ."

"ಏನಿಲ್ಲ."

"ಏನಿಲ್ಲ ಅಂದ್ರೆ? ನನ್ನ ಕಂಡ್ರೆ ಬೀದಿ ದಾಟ್ತೀರಿ! ಮೈಕ್ ರಿಪೇರಿಯವನು ಅಂತಲಾ? ಅಥವಾ ಭಾನುವಾರ ಸಭೆಗೆ ಬರಲ್ಲ, ನಂಬಿಕೆ ಇಲ್ಲದವನು ಅಂತಲಾ?"

ಅವಳಿಗೆ ಒಂದು ನೆಪ ಬೇಕಿತ್ತು. ಅವನೇ ತಂದು ಕೈಗಿಟ್ಟಿದ್ದ.

"ಹೌದು," ಎಂದಳು. "ನಂಬಿಕೆ ಇಲ್ಲದವರ ಜೊತೆ... ನನಗೆ ಸರಿಹೋಗಲ್ಲ."

ಅವನು ಹೊಡೆತ ತಿಂದವನಂತೆ ಒಂದು ಹೆಜ್ಜೆ ಹಿಂದೆ ಸರಿದ.

"ಅಮ್ಮ ಸತ್ತ ಮೇಲೆ ದೇವರ ಹತ್ರ ಮಾತು ಬಿಟ್ಟಿದ್ದೆ. ಆದ್ರೆ ನಿಮ್ಮನ್ನ ನೋಡಿ... ಮತ್ತೆ ಮಾತಾಡಿಸೋಣ ಅನ್ನಿಸ್ತಿತ್ತು. ಒಳ್ಳೇದಾಯ್ತು ಬಿಡಿ!"

ಅವನು ತಿರುಗಿ ನೋಡದೆ ನಡೆದುಹೋದ.

ಬಸ್ ಬಂತು, ಹೋಯಿತು. ಅವಳು ಅಲ್ಲೇ ನಿಂತಿದ್ದಳು. 'ಅವತ್ತು ಸತ್ತವರ ಮೇಲೆ ಸುಳ್ಳು ಹೇಳಿದೆ. ಇವತ್ತು ದೇವರ ಹೆಸರನ್ನೇ ಅಡ್ಡ ಇಟ್ಟು ಸುಳ್ಳು ಹೇಳಿದೆ. ಇನ್ನು ಉಳಿದಿರೋದು ಏನು?'

ಆ ಭಾನುವಾರ ಹಿರಿಯರೊಬ್ಬರು ಬಂದು, ಮುಂದಿನ ವಾರ ಅವಳೇ ಸಾಕ್ಷಿ ಹೇಳಬೇಕೆಂದರು. ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ನಿಂತು ಹೇಳುವುದು! ನೇರ ಪಾಸ್ಟರ ಮನೆಗೆ ಹೋದಳು.

ಅವರು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಹೆಂಡತಿಗೆ ಸೊಂಟನೋವು. ಒದ್ದೆ ಅಂಗಿಗಳ ನಡುವೆ ನಿಂತೇ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಪರದೆ, ಎರಡು ಸಾಲು, ಹಾಳೆ, ಸಹಿ, ಬಸ್ ನಿಲ್ದಾಣ... ಹೇಳಿ ಮುಗಿಸಿ ನೆಲದ ಮೇಲೆ ಕೂತಳು.

"ಎರಡು ವರ್ಷದಿಂದ ದಿನಾ ಕ್ಷಮೆ ಕೇಳ್ತಿದ್ದೀನಿ, ಪಾಸ್ಟರ್. ಆ ಧ್ವನಿ ಹೋಗ್ತಾನೇ ಇಲ್ಲ! ದೇವರು ನನ್ನನ್ನ ಕ್ಷಮಿಸಿಲ್ಲ..."

ಪಾಸ್ಟರ್ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಅವಳ ಎದುರಿಗೇ ನೆಲದ ಮೇಲೆ ಕೂತರು.

"ದೇವರು ಕ್ಷಮಿಸಿದ್ದಾನಮ್ಮ. ಅದರಲ್ಲಿ ನನಗೆ ಅನುಮಾನ ಇಲ್ಲ. ಕೈ ತಪ್ಪಿ ಬೀದಿ ತಪ್ಪಿದ್ದು ಪಾಪ ಅಂತಾನೂ ನಾನು ಹೇಳಲ್ಲ. ಆದ್ರೆ ಒಂದು ಕೇಳ್ತೀನಿ. ಆ ತಾಯಿ ಮೇಲೆ ಹೊರಿಸಿದ ತಪ್ಪು ಇವತ್ತಿಗೂ ಅಲ್ಲೇ ಇದೆಯಲ್ಲ, ಅದನ್ನ ಇಳಿಸೋರು ಯಾರು?"

ಅವಳು ತಲೆಯೆತ್ತಿ ಅವರನ್ನು ನೋಡಿದಳು.

"ದೇವರ ಹತ್ರ ಹೋಗೋದು ನಿನಗೆ ಅಭ್ಯಾಸ ಆಗಿದೆ. ಈಗ ಆ ಮನುಷ್ಯನ ಹತ್ರ ಹೋಗ್ಬೇಕು. ಅದು ಕಷ್ಟ. ದೇವರು ಬಾಗಿಲು ಹಾಕಲ್ಲ, ಮನುಷ್ಯ ಹಾಕಬಹುದು."

"ಹಾಕಿದ್ರೆ?"

"ಹಾಕಿದ್ರೆ ಹೊರಗೆ ನಿಲ್ಬೇಕಾಗುತ್ತೆ. ಕ್ಷಮೆ ಅವನ ಕೈಲಿದೆ. ಸತ್ಯ ನಿನ್ನ ಕೈಲಿದೆ. ನಿನ್ನ ಕೈಲಿರೋದನ್ನ ನೀನು ಕೊಟ್ಟು ಬಾ."

ಮೊದಲು ಅವಳು ಹಳೆಯ ಆಫೀಸಿಗೆ ಹೋದಳು. ಮೇಲಧಿಕಾರಿ ಬೇರೆಯವರು ಬಂದಿದ್ದರು. ವಿಳಾಸ ಸರಿಯಾಗಿಯೇ ಹೇಳಿದ್ದರೆಂದೂ, ತಪ್ಪು ತನ್ನದೆಂದೂ, ತಾನು ಸಹಿ ಮಾಡಿದ್ದು ಸುಳ್ಳಿಗೆಂದೂ ಎರಡು ಪುಟ ಬರೆದು ಕೊಟ್ಟಳು.

"ಇದರಿಂದ ನಿಮಗೇ ತೊಂದರೆ ಆಗ್ಬಹುದು, ಗೊತ್ತಾ?"

"ಗೊತ್ತು."

ಅಲ್ಲಿಂದ ಅವನ ಅಂಗಡಿಗೆ ಹೋದಳು. ಬಿಚ್ಚಿಟ್ಟ ರೇಡಿಯೋಗಳು, ಗೋಡೆ ತುಂಬ ಸ್ಪೀಕರ್‌ಗಳು. ಮೂಲೆಯಲ್ಲಿ ಯಾವುದೋ ಹಾಡು ಸಣ್ಣಗೆ ಬರುತ್ತಿತ್ತು. ಅವಳನ್ನು ಕಂಡು ಅವನ ಮುಖದಲ್ಲಿ ಆಸೆಯೂ ಸಿಟ್ಟೂ ಒಟ್ಟಿಗೆ ಮೂಡಿದವು.

"ಏನು? ಯಾವುದಾದ್ರೂ ಮೈಕ್ ಕೆಟ್ಟಿದೆಯಾ?"

"ಆ ಕರೆ ತಗೊಂಡಿದ್ದು ನಾನು."

ಅವನಿಗೆ ಅರ್ಥವಾಗಲಿಲ್ಲ.

"ನಿಮ್ಮಮ್ಮನ ಕರೆ. ಕಂಟ್ರೋಲ್ ರೂಮಲ್ಲಿ ಇದ್ದವಳು ನಾನೇ."

ಅವನು ಕೈ ಚಾಚಿ ಹಾಡು ನಿಲ್ಲಿಸಿದ. ಆ ನಿಶ್ಶಬ್ದದಲ್ಲಿ ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು: ತಪ್ಪಿದ ಬೀದಿ, ಸುಳ್ಳು ಸಹಿ, ಮುದುಕಿ ತನಗಾಗಿ ಮಾಡಿದ ಪ್ರಾರ್ಥನೆ. ಒಂದನ್ನೂ ಮೆದು ಮಾಡಲಿಲ್ಲ, ಅಳಲಿಲ್ಲ. ಅಳು ಬಂದರೆ ಅವನು ಕರಗಬಹುದು, ಹಾಗೆ ಕರಗಿಸುವುದು ಕೂಡ ಮೋಸವೆನಿಸಿತು.

"ಎಷ್ಟು ಸಲ ಹೇಳಿದ್ರು ಅಡ್ರೆಸ್ಸು?" ಅವನ ಧ್ವನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

"ಎರಡು ಸಲ. ಹೊಸದಲ್ಲ, ಹಳೇದು ಅಂತ ಬಿಡಿಸಿ ಹೇಳಿದ್ರು. ಬಾಗಿಲ ಬಣ್ಣ ಸಮೇತ. ಅವರಿಗೆ ಮರೆವು ಇರ್ಲಿಲ್ಲ. ಒಂದು ಚೂರೂ ಇರ್ಲಿಲ್ಲ."

ಅವನು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

"ನಿಮ್ಮ ಬಗ್ಗೆ ಮಾತಾಡಿದ್ರು," ಎಂದಳು ಅವಳು. "'ನನ್ನ ಮಗ ಬೆಳಿಗ್ಗೆ ಕೂಗಾಡಿ ಹೋದ. ಈಗ ಅದನ್ನೇ ನೆನೆಸ್ಕೊಂಡು ಒದ್ದಾಡ್ತಾನೆ, ಹುಚ್ಚಪ್ಪ. ನನಗೆ ಸಿಟ್ಟಿಲ್ಲ ಅಂತ ಹೇಳು, ತಾಯಿ. ಗುಂಡಿ ಹೊಲಿದಿದ್ದೀನಿ, ಅಂಗಿ ಕುರ್ಚಿ ಮೇಲಿದೆ. ದಾರ ಕತ್ತರಿಸೋದು ಬಾಕಿ, ಅಷ್ಟರಲ್ಲಿ ಹೀಗಾಯ್ತು' ಅಂದ್ರು."

ಅವನ ಬಾಯಿಂದ ಒಂದು ಶಬ್ದ ಹೊರಟಿತು. ಅಳುವೂ ಅಲ್ಲ, ಮಾತೂ ಅಲ್ಲ.

"ಆ ಅಂಗಿ... ಇವತ್ತಿಗೂ ಅಲ್ಲೇ ಇದೆ. ದಾರ ನೇತಾಡ್ತಾ ಇದೆ. ಮುಟ್ಟಿಲ್ಲ ನಾನು..."

ಅವನು ತಲೆಯೆತ್ತಿದ. ಕಣ್ಣು ಕೆಂಡವಾಗಿತ್ತು.

"ಅವತ್ತು ನೀವು ನನ್ನ ಕಣ್ಣಿಗೆ ಗಾಜು ಹಾಕ್ತಾ ನಿಂತಿದ್ರಿ. ನಾನು ಅಳ್ತಾ ಇದ್ದೆ. ಇದೆಲ್ಲ ನಿಮ್ಮ ಬಾಯಲ್ಲಿತ್ತು. ಆದ್ರೂ... ಕೆಳಗಿನ ಸಾಲು ಓದಿ ಅಂದ್ರಿ!"

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಬೀದಿ ತಪ್ಪಿದ್ದನ್ನ ಸಹಿಸ್ಕೋಬಹುದು. ಇದನ್ನ ಹೇಗೆ ಸಹಿಸ್ಕೊಳ್ಳಲಿ?"

"ಸಹಿಸ್ಕೊಳ್ಳಿ ಅಂತ ಕೇಳೋಕೆ ಬಂದಿಲ್ಲ. ಇನ್ನೊಂದು ಮಾತು. ಬಸ್ ಸ್ಟ್ಯಾಂಡಲ್ಲಿ ಹೇಳಿದ್ದೂ ಸುಳ್ಳು. ನಂಬಿಕೆ ಇಲ್ಲದವಳ ಹಾಗೆ ನಡ್ಕೊಂಡಿದ್ದು ನಾನು."

"ಹೋಗಿ," ಎಂದ ಅವನು ಗೋಡೆಗೆ ತಿರುಗಿ. "ದಯವಿಟ್ಟು ಹೋಗಿ."

ಅವಳು ಹೋದಳು.

ಭಾನುವಾರ ಅವಳು ಸಾಕ್ಷಿ ಹೇಳಲು ನಿಂತಳು. ತಾನು ಸುಳ್ಳಿಗೆ ಸಹಿ ಹಾಕಿದ್ದನ್ನು, ಸತ್ತವರ ಮೇಲೆ ತಪ್ಪು ಹೊರಿಸಿದ್ದನ್ನು ಹೇಳಿದಳು. ಕೊನೆಗೆ, "ದೇವರು ನನ್ನನ್ನ ಬೆಳೆಸಿದಾನೆ ಅಂತ ನೀವೆಲ್ಲ ಹೇಳ್ತಿದ್ರಿ. ನಾನು ಈ ವಾರ ಒಂದು ಹೆಜ್ಜೆ ಇಟ್ಟಿದ್ದೀನಿ, ಅಷ್ಟೇ," ಎಂದು ಕೂತಳು.

ಒಬ್ಬಾಕೆ ಮಗಳನ್ನು ಸಂಡೇ ಸ್ಕೂಲಿನಿಂದ ಬಿಡಿಸಿಕೊಂಡಳು. ಇನ್ನೊಬ್ಬಾಕೆ ಮಾತು ಬಿಟ್ಟಳು. ಆಗೆಲ್ಲ ಚಿಕ್ಕಮ್ಮನೇ ಆಸರೆ. "ಅವರ ಮನೆ ಬಟ್ಟೆ ಎಲ್ಲಾ ನನ್ನ ಹತ್ರಾನೇ ಬರೋದು ಪುಟ್ಟಿ, ಒಂದೊಂದು ಇಂಚು ಬಿಗಿ ಇಟ್ಟುಬಿಡ್ಲಾ?" ಎನ್ನುತ್ತಿದ್ದಳು.

ಧ್ವನಿ ನಿಂತಿರಲಿಲ್ಲ. ಆದರೆ ಅದು ಬಂದಾಗ ಅವಳು ಈಗ ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ. "ಕೇಳಿಸ್ತಿದೆಯಮ್ಮ," ಎಂದು ಮೆಲ್ಲಗೆ ಉತ್ತರ ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಅಂಗಡಿಯ ಫೋನ್ ರಿಂಗಾದಾಗ ಅವಳೇ ಹೋಗಿ ಎತ್ತಿದಳು. ಯಾರದೋ ಕನ್ನಡಕದ ಕಾಲು ಮುರಿದಿತ್ತು. ವಿಳಾಸವನ್ನು ಎರಡು ಸಲ ಕೇಳಿ ಬರೆದುಕೊಂಡಳು.

ಅವನು ಬರಲಿಲ್ಲ. ಒಂದು ತಿಂಗಳು ಹೋಯಿತು. ಎರಡಾಯಿತು. ಬೇರೆ ಯಾರೋ ಬಂದು ಮೈಕ್ ನೋಡಿ ಹೋದರು. ಅವಳು ದಿನವೂ ಅವನಿಗಾಗಿ ಪ್ರಾರ್ಥಿಸಿದಳು. ಅವನು ತನ್ನ ಬಳಿ ಬರಲೆಂದಲ್ಲ... ಹಾಗೆ ಬೇಡಲು ನಾಲಿಗೆ ಏಳುತ್ತಿರಲಿಲ್ಲ. ಅವನಿಗೆ ನಿದ್ದೆ ಬರಲಿ ಎಂದು ಮಾತ್ರ.

ರಜೆಯ ದಿನವೊಂದರ ಮಧ್ಯಾಹ್ನ ಚಿಕ್ಕಮ್ಮ ಬಾಗಿಲು ತೆರೆದು ಒಳಗೆ ಕೂಗಿದಳು.

"ಪುಟ್ಟೀ! ಮೈಕ್ ರಿಪೇರಿಯವರು ಬಂದಿದಾರೆ. ನಮ್ಮನೇಲಿ ನನ್ನ ಬಾಯಿ ಬಿಟ್ರೆ ಬೇರೆ ಮೈಕಿಲ್ಲ, ಅದೂ ಕೆಟ್ಟಿಲ್ಲ. ನೀನೇ ಬಂದು ವಿಚಾರಿಸು!"

ಅವಳು ಹೊರಗೆ ಬಂದಳು. ಅವನು ಸೊರಗಿದ್ದ. ಕೈಯಲ್ಲೊಂದು ಲಕೋಟೆ.

"ಆಫೀಸಿಂದ ಕಾಗದ ಬಂತು. ದಾಖಲೆ ತಿದ್ದಿದಾರೆ. ಕರೆ ಮಾಡಿದವರು ವಿಳಾಸ ಸರಿಯಾಗಿ ತಿಳಿಸಿದ್ದರು ಅಂತ ಬರ್ದಿದೆ." ಅವನು ಲಕೋಟೆಯನ್ನು ಜೇಬಿಗಿಟ್ಟ. "ಅಮ್ಮನ ಸಮಾಧಿ ಹತ್ರ ಹೋಗ್ತಿದ್ದೀನಿ. ನೀವೂ... ಬರ್ತೀರಾ?"

ದಾರಿಯುದ್ದಕ್ಕೂ ಇಬ್ಬರ ನಡುವೆ ಒಂದು ಮಾರು ಅಂತರವಿತ್ತು. ಸ್ಮಶಾನದ ಗೇಟು ದಾಟಿ, ಸಾಲು ಕಲ್ಲುಗಳ ನಡುವೆ ನಡೆದು, ಒಂದು ಚಿಕ್ಕ ಶಿಲುಬೆಯ ಮುಂದೆ ಅವನು ನಿಂತ. ಸುತ್ತ ಕಳೆ ಬೆಳೆದಿತ್ತು. ಅವಳು ಮಾತಿಲ್ಲದೆ ಮಂಡಿಯೂರಿ ಕಳೆ ಕೀಳತೊಡಗಿದಳು. ಅವನೂ ಪಕ್ಕದಲ್ಲಿ ಕೂತ.

"ಮೊದಲ ವಾರ ನಿಮ್ಮನ್ನ ಬೈದೆ," ಎಂದ ಅವನು. "ಮನೇಲಿ ಒಬ್ಬನೇ ಕೂತು, ಗಟ್ಟಿಯಾಗಿ. ಎರಡನೇ ವಾರ ದೇವರನ್ನ ಬೈದೆ. ಎರಡು ವರ್ಷದ ಮೇಲೆ ಅವನ ಹತ್ರ ಆಡಿದ ಮೊದಲ ಮಾತೇ ಬೈಗುಳ!"

"ಆಮೇಲೆ?"

"ಬೈಗುಳ ಖಾಲಿಯಾಯ್ತು. ಸುಮ್ನೆ ಕೂತೆ. ಅಮ್ಮ ಕೊನೇಲಿ ನಿಮಗೋಸ್ಕರ ಪ್ರಾರ್ಥನೆ ಮಾಡಿದ್ರು ಅಂದ್ರಲ್ಲ, ಅದು ನೆನಪಾಯ್ತು. ಅಷ್ಟು ನೋವಲ್ಲೂ ಅಮ್ಮ ಯಾವ ಹುಡುಗಿ ಕೈ ಹಿಡ್ಕೋ ಅಂತ ದೇವರನ್ನ ಕೇಳಿದ್ರೋ, ಅವಳನ್ನೇ ನಾನು ಶಪಿಸ್ತಾ ಕೂತ್ರೆ... ಅಮ್ಮನ ಪ್ರಾರ್ಥನೆಗೇ ಅಡ್ಡ ನಿಂತ ಹಾಗಲ್ವಾ?"

ಅವಳ ಕೈ ಮಣ್ಣಿನಲ್ಲೇ ನಿಂತಿತು.

"ಒಂದು ದಿನ ಕ್ಷಮಿಸಿಬಿಟ್ಟೆ ಅಂದ್ಕೊಂಡೆ. ಮಾರನೇ ಬೆಳಿಗ್ಗೆ ಸಿಟ್ಟು ಹಾಗೇ ಇತ್ತು. ಮತ್ತೆ ಕ್ಷಮಿಸ್ದೆ. ಹೀಗೇ ನಡೀತಿದೆ. ನಾಳೆ ಮತ್ತೆ ಬರಬಹುದು. ಇದನ್ನ ಮುಚ್ಚಿಟ್ಟು ನಿಮ್ಮ ಮುಂದೆ ಒಳ್ಳೆಯವನ ಹಾಗೆ ನಿಲ್ಲೋಕೆ ನನಗಿಷ್ಟ ಇಲ್ಲ."

ಅಷ್ಟು ದಿನ ತಡೆದಿದ್ದ ಕಣ್ಣೀರು ಈಗ ಅವಳನ್ನು ಕೇಳದೆ ಇಳಿಯಿತು.

"ನನ್ನನ್ನ ನೋಡಿದಾಗೆಲ್ಲ... ನನ್ನ ಧ್ವನಿ ಕೇಳಿದಾಗೆಲ್ಲ, ಆ ದಿನ ನೆನಪಾಗಲ್ವಾ ನಿಮಗೆ?"

"ಆಗುತ್ತೆ."

"ಮತ್ತೆ?"

"ಆದ್ರೂ ಕೇಳ್ತಾನೇ ಇರ್ಬೇಕು ಅನ್ನಿಸುತ್ತೆ." ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. "ಈ ಎರಡು ತಿಂಗಳು ಅಂಗಡಿ ತುಂಬ ಸ್ಪೀಕರ್ ಇಟ್ಕೊಂಡು ಕೂತಿದ್ದೆ. ನನಗೆ ಬೇಕಾಗಿದ್ದ ಒಂದು ಧ್ವನಿ ಅದರಲ್ಲಿ ಇರ್ಲಿಲ್ಲ. ನಿಮ್ಮನ್ನ ಪ್ರೀತಿಸ್ತೀನಿ. ಸಿಟ್ಟಿದ್ದ ದಿನವೂ ಪ್ರೀತಿಸ್ತಿದ್ದೆ, ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು!"

ಅವಳು ಮಣ್ಣು ಮೆತ್ತಿದ ಕೈಗಳನ್ನೇ ನೋಡುತ್ತಿದ್ದಳು.

"ನಾನೂ..." ಎಂದಳು. ತುಸು ತಡೆದು, ಈ ಸಲ ಮಾತನ್ನು ನುಂಗದೆ ಪೂರ್ತಿ ಹೇಳಿದಳು. "ನಾನೂ ನಿಮ್ಮನ್ನ ಪ್ರೀತಿಸ್ತೀನಿ. ಭಯದಿಂದ ಅಲ್ಲ. ಋಣ ಅಂತಾನೂ ಅಲ್ಲ."

ಅವನು ಆ ಮಣ್ಣಿನ ಕೈಯನ್ನು ಹಾಗೆಯೇ ಹಿಡಿದುಕೊಂಡ. ಇಬ್ಬರೂ ತಲೆಬಾಗಿಸಿದರು. ಯಾರು ಪ್ರಾರ್ಥನೆ ಶುರು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಮಾತೇ ಇಲ್ಲದೆ ಮುಗಿಯಿತು. ಗಾಳಿಯಲ್ಲಿ ಕಿತ್ತ ಹುಲ್ಲಿನ ವಾಸನೆಯಿತ್ತು.

ಅವನು ಎದ್ದು ನಿಂತು ಕೈ ಚಾಚಿದ.

"ಬನ್ನಿ, ಹೋಗೋಣ. ನಿಮ್ಮ ಚಿಕ್ಕಮ್ಮ ಕಾಯ್ತಿರ್ತಾರೆ."

ಅವಳು ಏಳಲಿಲ್ಲ. ಒದ್ದೆ ರೆಪ್ಪೆಗಳ ಕೆಳಗಿನಿಂದ ಅವನನ್ನು ನೋಡಿದಳು.

"ಇನ್ನೂ 'ಬನ್ನಿ'ನಾ?"

ಅವನು ತಬ್ಬಿಬ್ಬಾದ. ಮೈಕಿನಲ್ಲಿ ಗಂಟಲು ಹರಿಯುವಂತೆ ಮಾತಾಡುತ್ತಿದ್ದ ಮನುಷ್ಯನಿಗೆ ಒಂದೇ ಒಂದು ಅಕ್ಷರ ಹೊರಡಿಸಲು ಎಷ್ಟು ಹೊತ್ತು!

"ಬಾ," ಎಂದ.

ಅವಳು ಅವನ ಕೈ ಹಿಡಿದು ಎದ್ದಳು.